ಸುತ್ತಳತೆ ಗೊತ್ತಿದ್ದರೆ ಆಯತದ ವಿಸ್ತೀರ್ಣ ಕಂಡುಹಿಡಿಯುವುದು ಹೇಗೆ?

ಲೆಕ್ಕ ಇದು: ಆಯತದ ಉದ್ದ, ಅಗಲದ ಎರಡರಷ್ಟಕ್ಕಿಂತ 3 ಮೀ. ಹೆಚ್ಚು. ಸುತ್ತಳತೆ 36 ಮೀ. ವಿಸ್ತೀರ್ಣ ಎಷ್ಟು?

ಉದ್ದವನ್ನು ಅಗಲದ ಮೂಲಕ ಹೇಳಿರುವುದರಿಂದ ಅಗಲವನ್ನೇ ‘ಅ’ ಎನ್ನಿ (ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ಅಕ್ಷರ ಯಾವುದಾದರೇನು). ಆಗ ಉದ್ದ 2ಅ + 3.

2(ಅ + 2ಅ + 3) = 36
3ಅ + 3 = 18
ಅ = 5

ಅಗಲ 5 ಮೀ., ಉದ್ದ 13 ಮೀ., ವಿಸ್ತೀರ್ಣ 65 ಚದರ ಮೀ.

ಹೆಚ್ಚಿನವರು ಎಡವುವುದು ಆವರಣದಲ್ಲಿ. ಅದನ್ನು ಬಿಟ್ಟು 2ಅ + 2ಅ + 3 = 36 ಎಂದು ಬರೆದರೆ ಅಗಲ 8.25 ಬರುತ್ತದೆ. ತಾಳೆ ನೋಡಿ: ಉದ್ದ 19.5, ಸುತ್ತಳತೆ 55.5. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಸುತ್ತಳತೆಯ ಬದಲು ವಿಸ್ತೀರ್ಣ 65 ಎಂದು ಕೊಟ್ಟಿದ್ದರೆ ವರ್ಗಸಮೀಕರಣ ಬರುತ್ತದೆ: ಅ(2ಅ + 3) = 65, ಅಂದರೆ (ಅ − 5)(2ಅ + 13) = 0. ಎರಡನೇ ಬೆಲೆ −6.5, ಅಗಲ ಋಣಸಂಖ್ಯೆ ಆಗದು, ಬಿಟ್ಟುಬಿಡಿ.

ಬರೀ ಸುತ್ತಳತೆಯಿಂದ ಮಾತ್ರ ವಿಸ್ತೀರ್ಣ ಸಿಗುವುದಿಲ್ಲ. 30×40 ಸೈಟಿಗೂ 20×50 ಸೈಟಿಗೂ ಕಾಂಪೌಂಡು 140 ಅಡಿಯೇ. ಜಾಗ ಮಾತ್ರ ಒಂದರಲ್ಲಿ 1200 ಚದರಡಿ, ಇನ್ನೊಂದರಲ್ಲಿ 1000.