ಎಂ.ಜಿ. ರಸ್ತೆಯ ಸಂಜೆ ಈಗ ಹೇಗಿದೆ?

2005ರಲ್ಲಿ ಬೆಂಗಳೂರು ಬಿಟ್ಟೆ, ಈಗ ಬರುತ್ತಿದ್ದೇನೆ, ಎಂ.ಜಿ. ರಸ್ತೆಯ ಸಂಜೆ ಹಾಗೇ ಇದೆಯಾ ಅಂತ ಕೇಳಿದ್ದೀರಿ. ಇಲ್ಲ. ಪ್ಲಾಜಾ ಟಾಕೀಸನ್ನು ಹುಡುಕಬೇಡಿ, ಅದು ಮೆಟ್ರೋಗೆ ಹೋಯಿತು. ಊರಿನ ಮೊದಲ ಮೆಟ್ರೋ 2011ರಲ್ಲಿ ಓಡಿದ್ದು ಬೈಯಪ್ಪನಹಳ್ಳಿಯಿಂದ ಇಲ್ಲಿಗೇ. ಬ್ರಿಗೇಡ್ ರಸ್ತೆಯ ರೆಕ್ಸ್ ಟಾಕೀಸ್ ಕೂಡ 2018ರ ಕೊನೆಯಲ್ಲಿ ಬಾಗಿಲು ಹಾಕಿತು.

ಇಂಡಿಯಾ ಕಾಫಿ ಹೌಸ್ ಮಾತ್ರ ಉಳಿದಿದೆ. 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು, ಅಷ್ಟೇ. ಅದೇ ಬಿಳಿ ಬಟ್ಟೆ, ಪೇಟದ ಸಪ್ಲೈಯರ್. ಮೊನ್ನೆ ಹೋಗಿದ್ದೆ. ಪಕ್ಕದ ಟೇಬಲ್ಲಿನ ಹುಡುಗಿ ದೋಸೆ ಆರುವವರೆಗೂ ಫೋಟೋ ತೆಗೆಯುತ್ತಿದ್ದಳು. ನಗು ಬಂತು. ನಾವೂ ಒಂದು ಕಾಫಿ ಹಿಡಿದು ಎರಡು ಗಂಟೆ ಕೂರುತ್ತಿದ್ದವರೇ ಅಲ್ವಾ? ಸೇಂಟ್ ಮಾರ್ಕ್ಸ್ ರಸ್ತೆಯ ಹಳೇ ರೆಸ್ಟೋರೆಂಟ್ ಕೋಶೀಸ್ ಕೂಡ ಇದೆ.

ರಾತ್ರಿಯ ಗದ್ದಲ ಜಾಸ್ತಿ ಇಂದಿರಾನಗರ, ಕೋರಮಂಗಲದ ಕಡೆ ಸರಿದಿದೆ. ಆಗ ಪಬ್‌ಗಳಲ್ಲಿ ಹನ್ನೊಂದೂವರೆಗೇ ಬಿಲ್ ತಂದಿಟ್ಟು ದೀಪ ಆರಿಸುತ್ತಿದ್ದರಲ್ಲ, ಈಗ ಒಂದು ಗಂಟೆವರೆಗೂ ಕೂರಬಹುದು. ನನಗಂತೂ ಹತ್ತಕ್ಕೇ ನಿದ್ದೆ ಬರುತ್ತದೆ, ಆ ಮಾತು ಬೇರೆ.

ಶನಿವಾರ ಸಂಜೆ ಕಾರು ಮಾತ್ರ ತರಬೇಡಿ, ಮೆಟ್ರೋದಲ್ಲೇ ಬನ್ನಿ.