ರಿವಿಯೇರಾದ ಬಂಗಲೆ: ನಿಮ್ಮ ಲೇಖನ ಸದ್ಯಕ್ಕೆ ವಾಪಸ್ಸು

ನಮಸ್ಕಾರ. ಫ್ರಾನ್ಸಿನ ರಿವಿಯೇರಾ ಕರಾವಳಿಯ ಕಾಪ್-ಫೆರಾದ ಎಫ್ರುಸ್ಸಿ ರಾಥ್‌ಶೀಲ್ಡ್ ಬಂಗಲೆ ನೋಡಿಬಂದು ನೀವು ಕಳುಹಿಸಿದ ಪ್ರವಾಸ ಲೇಖನ ಓದಿದೆವು. ಹೀಗೇ ಹಾಕುವಂತಿಲ್ಲ. ತಿದ್ದಿ ಕಳುಹಿಸಿದರೆ ಖಂಡಿತ ಹಾಕುತ್ತೇವೆ, ವಸ್ತು ಅಷ್ಟು ಚೆನ್ನಾಗಿದೆ.

ಮೊದಲ ಎರಡು ಪುಟ ವೀಸಾ, ವಿಮಾನ, ನೀಸ್‌ನ ಹೋಟೆಲ್ ತಿಂಡಿ. ಪೂರ್ತಿ ತೆಗೆಯಿರಿ. 'ಕಣ್ಮನ ಸೆಳೆಯುವ' ಏಳು ಕಡೆ ಬಂದಿದೆ, ಏಳೂ ಹೋಗಲಿ.

ದೊಡ್ಡ ತಪ್ಪೊಂದಿದೆ. 'ಪತಿ ತನ್ನ ಮಡದಿಗೆ ಕಟ್ಟಿಸಿಕೊಟ್ಟ ಪ್ರೇಮಸೌಧ' ಎಂದಿದ್ದೀರಿ. ಬಂಗಲೆ ಕಟ್ಟಿಸಿದ ಬಿಯಾಟ್ರಿಸ್ ಗಂಡನಿಂದ ಬೇರೆಯಾದದ್ದೇ 1904ರಲ್ಲಿ. ಮರುವರ್ಷ ಬ್ಯಾಂಕರ್ ತಂದೆ ತೀರಿಕೊಂಡರು, ಆ ವರ್ಷವೇ ಆಕೆ ಈ ಜಾಗ ಕೊಂಡರು. ಕಟ್ಟಡದ ಕೆಲಸ 1907ರಿಂದ 1912ರವರೆಗೆ. ದುಡ್ಡು ತವರಿನದ್ದು, ಹಟ ಆಕೆಯದ್ದು. ಇಷ್ಟು ಕೈಯಲ್ಲಿದ್ದೂ ತಾಜಮಹಲಿನ ಕಥೆ ಯಾಕೆ ಬೇಕಿತ್ತು? 1934ರಲ್ಲಿ ತೀರಿಕೊಂಡಾಗ ಬಂಗಲೆಯನ್ನು ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಬರೆದಿಟ್ಟಿದ್ದರು. ನಿಮಗೆ ಟಿಕೇಟು ಸಿಕ್ಕಿದ್ದು ಅದರಿಂದ. ಅದೂ ಒಂದು ಸಾಲು ಬರಲಿ.

ತೋಟದ ಭಾಗವಂತೂ ತೀರಾ ಸಪ್ಪೆ. ಒಂಬತ್ತು ತೋಟಗಳ ಹೆಸರನ್ನು ಫಲಕ ನೋಡಿ ಇಳಿಸಿದ್ದೀರಿ. ನಮ್ಮ ಓದುಗರು ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯದ ಕಡೆ ಮುರಕಲ್ಲಿನ ಗುಡ್ಡೆ ತಟ್ಟು ಮಾಡಿ, ಸುರಂಗ ಕೊರೆದು ನೀರು ತಂದು ಅಡಿಕೆ ಎಬ್ಬಿಸಿದವರು. ಕಡಲ ಮೇಲಿನ ಬಂಡೆಯಲ್ಲಿ ಗುಲಾಬಿ ಹೇಗೆ ಬಂತು ಎಂದೇ ಅವರು ಮೊದಲು ಕೇಳುವುದು. ಡೈನಮೈಟ್ ಇಟ್ಟು ಬಂಡೆ ಸಿಡಿಸಿ ನೆಲ ಸಮ ಮಾಡಿದರು, ಆಮೇಲೆ ಮಣ್ಣು ತಂದು ತುಂಬಿದರು. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ! ಜಾಗದ ಅಳತೆಯನ್ನೂ 7 ಹೆಕ್ಟೇರ್ ಎನ್ನುವ ಬದಲು ಸುಮಾರು 17 ಎಕರೆ ಎನ್ನಿ, ಇಲ್ಲಿ ಕಣ್ಣಳತೆ ಎಕರೆಯದ್ದು.

ಎಂಟನೇ ಪುಟದಲ್ಲಿ ಒಂದು ಚಿನ್ನದಂಥ ಸಾಲು ಹುಗಿದಿದೆ: ಎರಡೂ ಬದಿಗೆ ಕಡಲು ಕಾಣುವ ಉದ್ದನೆಯ ಮುಖ್ಯ ತೋಟ ಹಡಗಿನ ಡೆಕ್ ಎಂಬ ಕಲ್ಪನೆ, ಅದಕ್ಕಾಗಿ ಮಾಲಿಗಳಿಗೆ ಕೆಂಪು ಗೊಂಡೆಯ ನಾವಿಕರ ಟೋಪಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಸಂಗೀತಕ್ಕೆ ಕುಣಿಯುವ ಕಾರಂಜಿ 20 ನಿಮಿಷಕ್ಕೊಮ್ಮೆ ಏಳುತ್ತದೆ. ಒಂದು ಸಲದ್ದನ್ನು ನೀರು ಏಳುವಲ್ಲಿಂದ ನಿಲ್ಲುವವರೆಗೆ ಬರೆಯಿರಿ. ಉಳಿದ ತೋಟಗಳಲ್ಲಿ ಎರಡು ಸಾಕು.

ಹತ್ತು ಫೋಟೋಗಳಲ್ಲಿ ಏಳರಲ್ಲಿ ನೀವೇ ಇದ್ದೀರಿ. ನೀವಿಲ್ಲದ ಮೂರನ್ನು ಇಮೇಲ್‌ನಲ್ಲಿ ಮೂಲ ಫೈಲಾಗಿಯೇ ಕಳುಹಿಸಿ; ವಾಟ್ಸಾಪಿನಲ್ಲಿ ಫೋಟೋ ಆಗಿ ಹಾಕಿದರೆ ಗಾತ್ರ ಕುಗ್ಗಿ ಅಚ್ಚಿನಲ್ಲಿ ಮಸುಕಾಗುತ್ತದೆ. ಬರಹ 900 ಪದ ದಾಟದಿರಲಿ, ಯೂನಿಕೋಡ್‌ನಲ್ಲಿರಲಿ. ಪಿಡಿಎಫ್ ಬೇಡ, ನಕಲು ಮಾಡುವಾಗ ಒತ್ತಕ್ಷರ ಒಡೆಯುತ್ತದೆ.