ರಾತ್ರಿ ದೋಣಿ ಎಲ್ಲಿ ನಿಲ್ಲಿಸ್ತಾರ?

ಬಾಗಲಕೋಟೆ ನವನಗರದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: “ಸ್ವಂತ ಹಾಯಿದೋಣಿಯಲ್ಲಿ ಕೆರಿಬಿಯನ್ ದ್ವೀಪ ಸುತ್ತುವ ಗಂಡ ಹೆಂಡತಿ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಮಕ್ಕಳ ಮದುವೆ ಆಗಿದೆ, ನಮಗೂ ಈಗ ಬಿಡುವು. ಒಂದು ಸೈಟ್ ಮಾರಿದರೆ ನಾವೂ ಹೀಗೆ ಹೋಗಬಹುದೇ? ಖರ್ಚು ಎಷ್ಟು? ನಮ್ಮ ಮನೆಯಾಕೆ ಲೇಖನ ಓದಿ, ‘ರಾತ್ರಿ ದೋಣಿ ಎಲ್ಲಿ ನಿಲ್ಲಿಸ್ತಾರ?’ ಅಂತ ಕೇಳಿ ನಕ್ಕಳು.”

ಮಾಸ್ತರರೇ, ನಮಸ್ಕಾರ. ನಿಮ್ಮ ಪ್ರಶ್ನೆಗಿಂತ ವೈನಿಯವರ ಪ್ರಶ್ನೆ ಗಟ್ಟಿಯಾಗಿದೆ. ಮೊದಲು ಅದಕ್ಕೇ ಉತ್ತರ.

ನಡುಗಡಲಲ್ಲಿ ದೋಣಿ ನಿಲ್ಲಿಸುವುದೇ ಇಲ್ಲ. ಅಲ್ಲಿ ಆಳ ಕಿಲೋಮೀಟರ್ ಲೆಕ್ಕದಲ್ಲಿದೆ, ಲಂಗರು ತಳ ಮುಟ್ಟುವುದಿಲ್ಲ. ಹಗಲು ರಾತ್ರಿ ಸಾಗುತ್ತಲೇ ಇರಬೇಕು. ಆಫ್ರಿಕಾದ ಪಶ್ಚಿಮಕ್ಕಿರುವ ಕೆನರಿ ದ್ವೀಪಗಳಿಂದ ಅಟ್ಲಾಂಟಿಕ್ ದಾಟಿ ಕೆರಿಬಿಯನ್‌ಗೆ ಸುಮಾರು 5,000 ಕಿ.ಮೀ. ಹನ್ನೆರಡು ಮೀಟರ್ ಉದ್ದದ ದೋಣಿ ಗಂಟೆಗೆ ಹತ್ತು ಕಿ.ಮೀ. ಹೋದರೆ ಅದೇ ಹೆಚ್ಚು. ಅಂದರೆ ಮೂರು ವಾರ. ಇರುವವರು ಇಬ್ಬರೇ. ಒಬ್ಬರು ಮೂರು ಗಂಟೆ ಮಲಗಿದರೆ ಇನ್ನೊಬ್ಬರು ಎಚ್ಚರ, ಆಮೇಲೆ ಪಾಳಿ ಬದಲು. ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ಸಾಧನ ಇರುತ್ತದೆ, ಆದರೆ ಎದುರು ಬರುವ ದೊಡ್ಡ ಹಡಗನ್ನು ಮನುಷ್ಯನ ಕಣ್ಣೇ ನೋಡಬೇಕು. ಇಷ್ಟು ಚಿಕ್ಕ ಜಾಗದಲ್ಲಿದ್ದರೂ ಗಂಡ ಹೆಂಡತಿ ಸರಿಯಾಗಿ ಮಾತಾಡುವುದು ಊಟದ ಹೊತ್ತಿಗೆ ಮಾತ್ರ. (ಕೆಲವರಿಗೆ ಇದೇ ಇಷ್ಟ ಆಗಬಹುದು!)

ದ್ವೀಪ ಸಿಕ್ಕ ಮೇಲೆ ಲಂಗರು ಹಾಕುತ್ತಾರೆ. ಐದು ಮೀಟರ್ ಆಳಕ್ಕೆ ಇಪ್ಪತ್ತೈದು ಮೀಟರ್ ಸರಪಳಿಯಾದರೂ ಬಿಡಬೇಕು. ಸರಪಳಿ ತಳಕ್ಕೆ ಮಲಗಿದಂತೆ ಇದ್ದರೇ ಲಂಗರು ಕಚ್ಚಿಕೊಳ್ಳುತ್ತದೆ. ನಡುರಾತ್ರಿ ಗಾಳಿ ತಿರುಗಿದರೆ ಅದು ಒಮ್ಮೊಮ್ಮೆ ಜಾರುತ್ತದೆ. ಆಗ ಇಬ್ಬರೂ ಎದ್ದು, ಕತ್ತಲಲ್ಲೇ ಎಂಜಿನ್ ಹಚ್ಚಿ, ಪಕ್ಕದ ದೋಣಿಗೆ ಬಡಿಯದ ಹಾಗೆ ಮತ್ತೆ ಲಂಗರು ಹಾಕಬೇಕು. ಲೇಖನದ ಫೋಟೋಗಳಲ್ಲಿ ಇದು ಇರಲಿಲ್ಲ, ಅಲ್ವಾ?

ಅದಕ್ಕೇ ನನ್ನ ಮಾತು ಇಷ್ಟು: ವೈನಿಯವರು ಸುಮ್ನೆ ಜೊತೆಗೆ ಬರುವುದಾದರೆ ಇದನ್ನು ಇಲ್ಲಿಗೇ ಬಿಡಿ. ನೀವು ನೀರಿಗೆ ಬಿದ್ದರೆ ಹಾಯಿ ಇಳಿಸಿ, ದೋಣಿ ತಿರುಗಿಸಿ, ನಿಮ್ಮನ್ನು ಮೇಲೆತ್ತಬೇಕಾದವರು ಅವರು. ಅವರು ಬಿದ್ದರೆ ನೀವು. ಇಬ್ಬರಿಗೂ ಎಲ್ಲ ಕೆಲಸ ಬರಲೇಬೇಕು. ಗಂಡಸರಿಗೆ ಹಾಯಿ, ಹೆಂಗಸರಿಗೆ ಒಲೆ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ 2024ರ ಅಕ್ಟೋಬರ್ 2ರಂದು ಗೋವಾದಿಂದ ‘ತಾರಿಣಿ’ ಹಾಯಿದೋಣಿಯಲ್ಲಿ ಹೊರಟು, ಭೂಮಿ ಸುತ್ತಿ, 2025ರ ಮೇ ಕೊನೆಗೆ ಮರಳಿದರು. ಅದಕ್ಕೂ ಮುಂಚೆ, 2009-10ರಲ್ಲಿ, ದಿಲೀಪ್ ದೊಂದೆ ಒಬ್ಬರೇ ಸುತ್ತಿ ಬಂದ ದೋಣಿಗೆ ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿಯ ಹೆಸರೇ ಇಟ್ಟಿದ್ದರು. ಕಡಲು ನಮಗೆ ಅಷ್ಟೇನೂ ದೂರ ಇಲ್ಲ.

ಬಿಸಿಲಿನ ಚಿಂತೆ ಬೇಡ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪ ಹೆಚ್ಚುಕಡಿಮೆ ಬಾಗಲಕೋಟೆಯ ಅಕ್ಷಾಂಶದಲ್ಲೇ ಇದೆ. ಚಳಿಗಾಲದಲ್ಲಿ ಈಶಾನ್ಯದಿಂದ ಒಂದೇ ಸಮ ಬೀಸುವ ವಾಣಿಜ್ಯ ಮಾರುತ ಇರುವುದರಿಂದ ನಮ್ಮ ಏಪ್ರಿಲ್ ಉರಿ ಅಲ್ಲಿಲ್ಲ. ಹೆದರಬೇಕಾದದ್ದು ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತಕ್ಕೆ. ಆ ತಿಂಗಳುಗಳಲ್ಲಿ ಬಹಳ ಮಂದಿ ದಕ್ಷಿಣದ ಗ್ರೆನಡಾ ಕಡೆ ಇಳಿಯುತ್ತಾರೆ. ಅದೂ ಪೂರ್ತಿ ಭದ್ರ ಅಲ್ಲ: 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗ್ರೆನಡಾಕ್ಕೆ ಸೇರಿದ ಕ್ಯಾರಿಯಕೂ ದ್ವೀಪವನ್ನೇ ಹೊಡೆಯಿತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮರೆಯಲ್ಲಿ ಕಟ್ಟಿದ್ದ ದೋಣಿಗಳೂ ನುಚ್ಚುನೂರಾದವು.

ನೀರು ಉಳಿಸುವ ವಿಷಯದಲ್ಲಿ ಮಾತ್ರ ನಮ್ಮ ಮಂದಿ ಅಲ್ಲಿ ಗೆಲ್ಲುತ್ತಾರೆ. ಸ್ನಾನ ಉಪ್ಪುನೀರಲ್ಲಿ, ಕೊನೆಗೆ ಸಿಹಿನೀರು ಒಂದು ತಂಬಿಗೆ. ಪಾತ್ರೆಯೂ ಹಾಗೆಯೇ. ಕಡಲ ನೀರು ಸಿಹಿ ಮಾಡುವ ಯಂತ್ರ ಇದೆ, ಆದರೆ ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ. ಹಳೆಯ ಕಾಲದ ನಾವಿಕರು ತಿಂಗಳುಗಟ್ಟಲೆ ತಿಂದದ್ದು ಇಂಥದೇ ಒಣ ಬಿಸ್ಕತ್ತು. ಬಿಗಿ ಮುಚ್ಚಳದ ಡಬ್ಬಿ ಇರಲಿ, ಇಲ್ಲದಿದ್ದರೆ ಕಡಲ ತೇವಕ್ಕೆ ರೊಟ್ಟಿ ಮೆತ್ತಗಾಗುತ್ತದೆ. ರಟ್ಟಿನ ಪೆಟ್ಟಿಗೆ ದೋಣಿಗೆ ಹತ್ತಿಸಲೇಬೇಡಿ, ಅದರ ಮಡಿಕೆಯಲ್ಲಿ ಜಿರಳೆ ಮೊಟ್ಟೆ ಬರುತ್ತದೆ.

ಇನ್ನು ಖರ್ಚು. ದೋಣಿಯ ಬೆಲೆಯ ಹತ್ತರಲ್ಲಿ ಒಂದು ಪಾಲು ಪ್ರತಿ ವರ್ಷ ರಿಪೇರಿಗೆ ಎತ್ತಿಡಬೇಕು ಅನ್ನುವುದು ಆ ಮಂದಿಯ ಲೆಕ್ಕ. ಉಪ್ಪುನೀರು ಎಲ್ಲವನ್ನೂ ತಿನ್ನುತ್ತದೆ. ತಳಕ್ಕೆ ಚಿಪ್ಪುಹುಳ ಅಂಟದಂತೆ ಆಗಾಗ ಬಣ್ಣ ಬಳಿಯಬೇಕು, ಹರಿದ ಹಾಯಿ ಹೊಲಿಯಬೇಕು. ಸೈಟ್ ಮಾರಿದ ದುಡ್ಡಲ್ಲಿ ದೋಣಿ ಬಂದರೂ ಬರಬಹುದು, ಅದನ್ನು ಸಾಕುವುದಕ್ಕೆ ಪಿಂಚಣಿ ಸಾಲುತ್ತದೆಯೇ ನೋಡಿ. ಭಾರತದ ಪಾಸ್‌ಪೋರ್ಟಿಗೆ ಹಲವು ದ್ವೀಪಗಳ ವೀಸಾ ಮೊದಲೇ ಬೇಕು. ಪ್ರತಿ ದೇಶದಲ್ಲೂ ಹಳದಿ ಬಾವುಟ ಏರಿಸಿ, ಕಸ್ಟಮ್ಸ್ ಮುಗಿಯುವವರೆಗೆ ಕಾಯಬೇಕು.

ಸೈಟ್ ಸದ್ಯ ಹಾಗೇ ಇರಲಿ. ಮಳೆಗಾಲ ಕಳೆದ ಮೇಲೆ ಇಬ್ಬರೂ ಗೋವಾಕ್ಕೆ ಹೋಗಿ, ಹಾಯಿದೋಣಿ ಕಲಿಸುವವರ ಹತ್ತಿರ ಇಬ್ಬರ ಹೆಸರೂ ಬರೆಸಿ. ನದಿಯ ಬಾಯಲ್ಲಿ ನೀರು ಶಾಂತವಾಗಿರುತ್ತದೆ, ಅಲ್ಲಿ ಎಲ್ಲರಿಗೂ ಧೈರ್ಯ. ಒಂದು ದಿನವಾದರೂ ತೆರೆದ ಕಡಲಿಗೆ ಕರೆದೊಯ್ಯಿರಿ ಅಂತ ಹಟ ಹಿಡಿಯಿರಿ. ಯಾರಿಗೆ ವಾಂತಿ ಬರುತ್ತದೆ, ಯಾರಿಗೆ ಇಲ್ಲ ಅನ್ನುವುದು ಅವತ್ತೇ ಗೊತ್ತಾಗುತ್ತದೆ.

– ಸಂ.